ಕಾಲು ಭಾಗದ ಕರುಣೆ

ನಮ್ಮೂರಿನಲ್ಲಿ ಜೀವ ಇರುವ ಯಾವುದೂ ತಕ್ಕಡಿಯಲ್ಲಿ ತೂಗುವುದಿಲ್ಲ. ಕೋಳಿಯನ್ನು ತಟ್ಟೆಯಲ್ಲಿ ಕೂರಿಸಿದರೆ ಮುಳ್ಳು ಅಲ್ಲಾಡದು. ಅದೇ ಕೋಳಿಯ ಕತ್ತು ಕುಯ್ದು ಇಟ್ಟರೆ ಒಂದೂಮುಕ್ಕಾಲು ಕೆಜಿ ತೋರಿಸುತ್ತದೆ. ಟಗರು, ಎಮ್ಮೆ, ಮದುಮಗಳು, ಊರಿನ ಯಜಮಾನರು, ಎಲ್ಲರ ಹಣೆಬರಹವೂ ಅಷ್ಟೇ. ಹಿಂದೆ ಒಬ್ಬ ಯಜಮಾನರು ದಿನಾ ಬೆಳಿಗ್ಗೆ ಅಕ್ಕಿ ಮಂಡಿಗೆ ಬಂದು ಮೂಟೆ ತೂಗುವ ತಕ್ಕಡಿ ಹತ್ತಿ ನಿಲ್ಲುತ್ತಿದ್ದರಂತೆ. ಸೊನ್ನೆ ಕಂಡರೆ, "ಇವತ್ತೂ ಇದೀನಿ ಬಿಡ್ರಪ್ಪ" ಎಂದು ಇಳಿದು ಕಾಫಿಗೆ ಹೋಗುತ್ತಿದ್ದರಂತೆ. ಇದು ಯಾಕೆ ಹೀಗೆ ಎಂದು ನಾವು ಯಾರೂ ತಲೆ ಕೆಡಿಸಿಕೊಂಡವರಲ್ಲ. ಬೇರೆ ಊರಲ್ಲಿ ತೂಗುತ್ತದಂತೆ. ತೂಗಲಿ, ನಮಗೇನು?

ಆದರೆ ಕುರಿ ಮಾರಬೇಕು, ಕೊಳ್ಳಬೇಕು, ಕಾಯಿಲೆ ಬಂದರೆ ತೂಕ ನೋಡಿ ಔಷಧಿ ಕುಡಿಸಬೇಕು. ಅದಕ್ಕೇ ನಮ್ಮ ಮನೆಯ ಹೆಂಗಸರು ಇರುವುದು. ಕುರಿಯ ಎದೆಗೂಡಿನ ಸುತ್ತ ಎರಡೂ ತೋಳು ಹಾಕಿ, ಕೆನ್ನೆಯನ್ನು ಪಕ್ಕೆಗೆ ಒತ್ತಿ, ಒಂದು ಉಸಿರು ಹಿಡಿದು ಬಿಟ್ಟರೆ ಸಾಕು, ತೂಕ ತಾನಾಗಿ ನಾಲಿಗೆಗೆ ಬರುತ್ತದೆ. ನನಗೆ ಇದನ್ನು ಕಲಿಸಿದ್ದು ನನ್ನ ಅತ್ತೆ, ಅವರಿಗೆ ಅವರ ಅತ್ತೆ. ನಾನು ಹೇಳಿದ ಕುರಿಯನ್ನು ಕಡಿದ ಮೇಲೆ ಅಂಗಡಿಯಲ್ಲಿ ತೂಗಿ ನೋಡಿದರೆ ಅರ್ಧ ಕೆಜಿ ಆಚೆ ಈಚೆ, ಅಷ್ಟೇ. ಇದು ಜಂಬದ ಮಾತಲ್ಲ. ಜಂಬವೇ ಅಂದುಕೊಳ್ಳಿ, ನನಗೇನು ನಷ್ಟ. ನನ್ನ ಹೆಸರು ದೇವೀರಮ್ಮ ಎನ್ನುವುದು ನನ್ನ ಮನೆಯವರು ಹೋದ ಮೇಲೆ ಯಾರಿಗೂ ನೆನಪಿಲ್ಲ. ಊರಿಗೆಲ್ಲ ನಾನು ತೂಕದಕ್ಕ.

ಮಾರಾಟಕ್ಕಾದರೆ ನಾನು ಕೆಜಿ ಹೇಳುತ್ತೇನೆ. ಔಷಧಿಗಾದರೆ ಗೆರೆ ಹೇಳುವುದು ವಾಡಿಕೆ. ಔಷಧಿ ಕುಡಿಸುವ ಬಾಟಲಿಯ ಮೇಲೆ ಗೆರೆ ಎಳೆದಿರುತ್ತಾರೆ, ಹತ್ತು ಕೆಜಿಗೆ ಒಂದು ಗೆರೆ. "ಮೂರು ಗೆರೆ" ಎಂದರೆ ಮೂರು ಗೆರೆ, ಮುಂದಿನ ಕುರಿ ಬರಲಿ. ಕುರಿಯವರು ಇನ್ನೇನೂ ಕೇಳುವುದಿಲ್ಲ. ವರ್ಷಕ್ಕೆ ಎರಡು ಸಲ ಊರಿನ ಕುರಿಗಳನ್ನೆಲ್ಲ ಒಂದೇ ದಿನ ಸಾಲಾಗಿ ನಿಲ್ಲಿಸಿ ಈಲಿ ಹುಳುವಿನ ಔಷಧಿ ಹಾಕುತ್ತೇವೆ. ಊರಿನ ಮಗ್ಗುಲಿಗೆ ದೊಡ್ಡ ಜೌಗು ಇದೆ, ಬೇಸಿಗೆಯಲ್ಲೂ ಹುಲ್ಲು ಒಣಗದ ಜಾಗ. ಆ ಹುಲ್ಲಿಗೆ ಆಸೆಪಟ್ಟು ಬಾಯಿ ಹಾಕಿದ ಕುರಿಯ ಹೊಟ್ಟೆಗೆ ಈ ಹುಳು ಸೇರುತ್ತದೆ. ಎಲೆಯ ಹಾಗೆ ಚಪ್ಪಟೆಯಾದ ಹುಳು, ಈಲಿ, ಅಂದರೆ ಲಿವರ್, ಅದರೊಳಗೆ ಕೂತು ಒಳಗಿಂದೊಳಗೇ ತಿನ್ನುತ್ತದೆ. ಕುರಿ ಸೊರಗುತ್ತದೆ, ಕಣ್ಣಿನ ಒಳರೆಪ್ಪೆ ಬಿಳಿಚುತ್ತದೆ, ಕೊನೆಗೆ ದವಡೆಯ ಕೆಳಗೆ ನೀರು ತುಂಬಿ ಚೀಲದ ಹಾಗೆ ಜೋತುಬೀಳುತ್ತದೆ. ಆ ಚೀಲ ಕಂಡರೆ ನಮ್ಮೂರ ಹೆಂಗಸರಿಗೆ ಅನ್ನ ಸೇರುವುದಿಲ್ಲ.

ಹಾಲಿನಂಥ ಬಿಳಿ ಔಷಧಿ ಅದು. ಕುಡಿಸಿದ ಹದಿನೈದು ದಿನಕ್ಕೆಲ್ಲ ಕುರಿ ಚಿಗಿತುಕೊಳ್ಳುತ್ತಿತ್ತು. ಎರಡು ವರ್ಷದಿಂದ ಆ ಔಷಧಿ ಕೈಕೊಡತೊಡಗಿತು. ಮೊದಲು ನಾಲ್ಕು ಮನೆಯಲ್ಲಿ, ಆಮೇಲೆ ಹತ್ತು ಮನೆಯಲ್ಲಿ. ಈ ವರ್ಷ ನನ್ನ ಪಕ್ಕದ ಮನೆಯ ಮಂಚಮ್ಮನ ದೊಡ್ಡಿಗೇ ಬಂದು ಕೂತಿತು. ಗಂಡ ತೀರಿಕೊಂಡ ಮೇಲೆ ಆ ನಲವತ್ತಾರು ಕುರಿಯೇ ಅವಳ ಸಂಸಾರ. ಮಗಳ ನರ್ಸಿಂಗ್ ಓದೂ ಅದರಲ್ಲೇ, ಇವಳ ಹೊಟ್ಟೆಯೂ ಅದರಲ್ಲೇ. ಔಷಧಿ ಹಾಕಿ ತಿಂಗಳು ಕಳೆಯುವುದರೊಳಗೆ ಒಂದೊಂದೇ ಕುರಿಯ ದವಡೆ ಜೋತುಬಿತ್ತು. ಬೆಳಗಾದರೆ ಮಂಚಮ್ಮ ಸತ್ತ ಕುರಿಯ ಕಾಲು ಹಿಡಿದು ಎಳೆದುಕೊಂಡು ಹೋಗುವ ಸದ್ದು ನನ್ನ ಅಡುಗೆಮನೆಗೆ ಕೇಳುತ್ತಿತ್ತು. ನಲವತ್ತಾರು ಹೋಗಿ ಹತ್ತೊಂಬತ್ತಕ್ಕೆ ಬಂತು. ನಾನು ಮುದ್ದೆ ಮಾಡಿ ತೆಗೆದುಕೊಂಡು ಹೋದರೆ, "ಬೇಡ ಕಣಕ್ಕ, ಇಳಿಯಲ್ಲ" ಎನ್ನುತ್ತಿದ್ದಳು. ತಟ್ಟೆಯನ್ನು ಹಾಗೇ ವಾಪಸು ತರುತ್ತಿದ್ದೆ.

ಊರಿಗೆ ಒಬ್ಬ ತಪ್ಪಿತಸ್ಥ ಬೇಕಾಯಿತು. ಸಿಕ್ಕಿದವನು ಔಷಧಿ ಅಂಗಡಿಯ ಚಲುವಯ್ಯ. ಹಳೇ ಕಾಂಪೌಂಡರ್, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಮನುಷ್ಯ, ಆದರೆ ಬೇರೆಯವರ ಒಂದು ಕಡ್ಡಿಗೂ ಆಸೆಪಟ್ಟವನಲ್ಲ. "ಔಷಧಿಗೆ ನೀರು ಬೆರೆಸ್ತಾವ್ನೆ" ಎಂದು ಯಾರೋ ಅಂದರು. ಬಿಳಿ ಔಷಧಿ ತಾನೆ, ನೀರು ಬೆರೆಸಿದರೆ ಯಾರಿಗೆ ಗೊತ್ತಾಗಬೇಕು? ಒಂದು ವಾರದಲ್ಲಿ ಅವನು ಊರ ಬಾಯಲ್ಲಿ ನೀರು ಚಲುವಯ್ಯ ಆದ. ಅವನ ಹೆಂಡತಿ ನಲ್ಲಿಗೆ ಬಂದರೆ, "ನಿಮ್ಮೆಜಮಾನ್ರಿಗೂ ಸ್ವಲ್ಪ ತುಂಬ್ಕೊಂಡ್ ಹೋಗವ್ವ" ಎಂದು ಚುಚ್ಚಿದರು. ಹಾಗೆ ಚುಚ್ಚಿದವಳು ನಾನೇ. ಈಗ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಲೇಬೇಕು.

ಗಲಾಟೆ ಜೋರಾದ ಮೇಲೆ ಕಲಾವತಿ ಡಾಕ್ಟರ್ ಬಂದರು. ದನದ ಡಾಕ್ಟರು, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಂದ ದಿನ ಒಂದು ಕುರಿಯನ್ನು ತಕ್ಕಡಿಗೆ ಹತ್ತಿಸಿ ಸೊನ್ನೆ ನೋಡಿದರು. ತಕ್ಕಡಿ ಕುಟ್ಟಿದರು. ತಾವೇ ಹತ್ತಿದರು, ಸೊನ್ನೆ. ಪೆಟ್ಟಿಗೆ ಹಿಡಿದುಕೊಂಡು ಹತ್ತಿದರು, ಪೆಟ್ಟಿಗೆಯ ತೂಕ ಮಾತ್ರ ಬಂತು. ಆಮೇಲೆ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟರು. ಹೊರಗಿನಿಂದ ಬಂದವರಿಗೆಲ್ಲ ಮೊದಲ ದಿನ ಹೀಗಾಗುವುದು ನಮಗೆ ಗೊತ್ತು. ನಗದೆ ಒಂದು ಲೋಟ ಬೆಲ್ಲದ ಕಾಫಿ ಕೊಟ್ಟೆವು. ಗಟ್ಟಿ ಹೆಣ್ಣು, ಮಾರನೆಯ ದಿನದಿಂದ ತಕ್ಕಡಿಯ ಮಾತೆತ್ತಲಿಲ್ಲ.

ಅವರು ಮಾಡಿದ್ದು ಹಿಕ್ಕೆಯ ಲೆಕ್ಕ. ಔಷಧಿ ಹಾಕುವ ಮುಂಚೆ ಕುರಿಯ ಹಿಕ್ಕೆ, ಹಾಕಿ ಹದಿನಾಲ್ಕು ದಿನಕ್ಕೆ ಮತ್ತೆ ಹಿಕ್ಕೆ. ಅದನ್ನು ನೀರಲ್ಲಿ ಕದಡಿ, ಸೋಸಿ, ಕನ್ನಡಿಯ ಯಂತ್ರದಲ್ಲಿ ಹುಳುವಿನ ಮೊಟ್ಟೆ ಎಣಿಸಿದರು. ಚಲುವಯ್ಯನ ಬಾಟಲಿಯ ಔಷಧಿಯನ್ನೂ ಪರೀಕ್ಷೆಗೆ ಕಳಿಸಿದರು. ಉತ್ತರ ಬಂದ ದಿನ ಜನ ಕೂಡಿಸಿ ಹೇಳಿದರು, "ಔಷಧಿ ಸರಿಯಾಗೇ ಇದೆ. ಒಂದು ಹನಿ ನೀರೂ ಬೆರೆತಿಲ್ಲ. ಹುಳುಗಳೇ ಔಷಧಿಯನ್ನ ಜೀರ್ಣ ಮಾಡಿಕೊಳ್ಳೋದು ಕಲಿತುಬಿಟ್ಟಿವೆ."

"ಹುಳ ಹೆಂಗ್ ಕಲಿತಾವವ್ವ, ಇಸ್ಕೂಲ್ಗೋಗವ?" ಎಂದು ಮಂಚಮ್ಮ ಕೇಳಿದಳು. ಯಾರೂ ನಗಲಿಲ್ಲ. ಡಾಕ್ಟರು ಹೊರಗಿನವರು, ಚಲುವಯ್ಯ ಅವರನ್ನು ಒಳಗೆ ಹಾಕಿಕೊಂಡಿದ್ದಾನೆ ಎಂದು ಸಂಜೆಯ ಹೊತ್ತಿಗೆ ಮಾತು ಹುಟ್ಟಿತು. ಬರುವ ಸೋಮವಾರ ಊರು ಸೇರಿ ಅವನ ಅಂಗಡಿ ಮುಚ್ಚಿಸುವುದು, ಅವನನ್ನು ಊರಿನಿಂದ ಕಳಿಸುವುದು ಎಂದು ತೀರ್ಮಾನವಾಯಿತು.

ಇದರ ನಡುವೆ ಡಾಕ್ಟರು ನನ್ನ ಹಿಂದೆ ಬಿದ್ದರು. ನಾನು ತಬ್ಬುವುದನ್ನು ನೋಡಿ ಅವರಿಗೆ ಎಲ್ಲಿಲ್ಲದ ಖುಷಿ. ಶುಕ್ರವಾರ ಕುರಿ ಸಂತೆಯಲ್ಲಿ ನಾನು ಒಂದು ಕುರಿ ತಬ್ಬಿ "ನಲವತ್ತು" ಎಂದೆ. ಕಡಿದು ತೂಗಿದಾಗ ಕರುಳು, ಚರ್ಮ, ತಲೆಕಾಲು ಎಲ್ಲ ಸೇರಿ ನಲವತ್ತಕ್ಕೆ ಕಾಲು ಕೆಜಿ ಕಡಿಮೆ. ಅವರು ಚಪ್ಪಾಳೆ ತಟ್ಟಿದರು. ಆಮೇಲೆ ಸುಮ್ಮನೆ ಕೇಳಿದರು, "ಅಮ್ಮ, ಇದೇ ಕುರಿಗೆ ಔಷಧಿ ಹಾಕೋದಾಗಿದ್ರೆ ಎಷ್ಟು ಗೆರೆ ಹೇಳ್ತಿದ್ರಿ?"

"ಮೂರು" ಎಂದೆ. ಬಾಯಿಂದ ಹಾಗೇ ಬಂದುಬಿಟ್ಟಿತು.

"ನಲವತ್ತಕ್ಕೆ ನಾಲ್ಕಲ್ವಾ?"

ಇಪ್ಪತ್ತೈದು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅವರ ಕೈ ಹಿಡಿದು ಮನೆಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ಎಲ್ಲ ಹೇಳಿದೆ. ಅತ್ತೆ ತೀರಿಕೊಂಡು ಈ ಕೆಲಸ ನನ್ನ ಕೈಗೆ ಬಂದ ಮೊದಲ ವರ್ಷ. ನಮ್ಮದೇ ಮನೆಯ ಎಮ್ಮೆಕರು, ಕಾಡಿಗೆ ಬಳಿದ ಹಾಗೆ ಕಪ್ಪು, ನನ್ನ ಸೆರಗು ಚೀಪುತ್ತಾ ಹಿಂದೆಯೇ ತಿರುಗುತ್ತಿತ್ತು. ಅದರ ತೂಕ ಕಂಡು ಸರಿಯಾದ ಗೆರೆಯನ್ನೇ ಹೇಳಿದೆ. ನನ್ನ ಮನೆಯವರು ಕುಡಿಸಿದರು. ಅರ್ಧ ಗಂಟೆಯಲ್ಲಿ ಕರು ಸತ್ತುಹೋಯಿತು. "ನಿನ್ನ ಲೆಕ್ಕ ಜಾಸ್ತಿ ಆಯ್ತೇನೋ ಕಣೆ" ಎಂದರು ಅವರು, ಬೈಯುವ ಹಾಗಲ್ಲ, ಮೆಲ್ಲಗೆ. ಅವತ್ತಿನಿಂದ ಔಷಧಿಗೆ ಹೇಳುವಾಗ ಕಾಲು ಭಾಗ ಕಳೆದೇ ಹೇಳುತ್ತಾ ಬಂದೆ. ನಲವತ್ತಕ್ಕೆ ಮೂರು, ಎಂಬತ್ತಕ್ಕೆ ಆರು. ಕುರಿ ಬದುಕಿದರೆ ಸಾಕು, ಹುಳು ಎರಡು ಉಳಿದರೆ ಉಳಿಯಲಿ. ಇದು ಕರುಣೆ ಎಂದೇ ನಾನು ತಿಳಿದಿದ್ದೆ, ಡಾಕ್ಟ್ರಮ್ಮ, ಎಂದೆ.

ಅವರು ಚಾಪೆ ಎಳೆದುಕೊಂಡು ನನ್ನ ಎದುರಿಗೆ ಕೂತರು. ಆಮೇಲೆ ಕೇಳಿದರು, "ಕರು ಹೇಗೆ ಸತ್ತಿತು? ಕೆಮ್ಮಿತಾ?"

"ಕೆಮ್ಮಿ ಕೆಮ್ಮಿ ಸತ್ತಿತು. ಮೂಗಲ್ಲಿ ನೊರೆ ಬಂತು."

"ಕುಡಿಸುವಾಗ ಕತ್ತು ಮೇಲೆತ್ತಿ ಹಿಡಿದಿದ್ರಾ?"

ಹಿಡಿದಿದ್ದರು. ಒಂದು ಹನಿಯೂ ಚೆಲ್ಲಬಾರದು ಎಂದು ನನ್ನ ಮನೆಯವರು ಅದರ ಮುಖವನ್ನು ಆಕಾಶ ನೋಡುವ ಹಾಗೆ ಎತ್ತಿ ಹಿಡಿದಿದ್ದರು. ನನ್ನ ಕಣ್ಣಿಗೆ ಈಗಲೂ ಕಟ್ಟಿದೆ.

"ಔಷಧಿ ಜಾಸ್ತಿ ಆಗಿ ಸತ್ತಿದ್ದಲ್ಲಮ್ಮ ಅದು" ಎಂದರು ಡಾಕ್ಟರು. "ಶ್ವಾಸಕೋಶಕ್ಕೆ ಇಳಿದುಬಿಟ್ಟಿದೆ. ನಿಮ್ಮ ತೂಕ ಸರಿಯಾಗೇ ಇತ್ತು."

ಅಯ್ಯೋ ಶಿವನೇ! ಆಗ ನನಗೆ ಅಳು ಬರಲಿಲ್ಲ, ನಗುವೂ ಬರಲಿಲ್ಲ. ಇಪ್ಪತ್ತೈದು ವರ್ಷ ನಾನು ಹೆದರಿದ್ದು ಇಲ್ಲದ ತಪ್ಪಿಗೆ. ಅದನ್ನು ನನ್ನ ಮನೆಯವರಿಗೆ ಹೇಳೋಣವೆಂದರೆ ಅವರು ಇಲ್ಲ. ಇದ್ದಿದ್ದರೂ ಹೇಳುತ್ತಿರಲಿಲ್ಲ. ಅವರೂ ಆ ಕರುವಿಗಾಗಿ ಎರಡು ದಿನ ಊಟ ಬಿಟ್ಟವರು.

ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ಪೂರ್ತಿ ಔಷಧಿ ಬಿದ್ದರೆ ಹುಳುಗಳು ಹೆಚ್ಚುಕಡಿಮೆ ಎಲ್ಲವೂ ಸಾಯುತ್ತವೆ. ಮುಕ್ಕಾಲು ಬಿದ್ದರೆ ಮೆತ್ತನೆಯವು ಸಾಯುತ್ತವೆ, ಗಟ್ಟಿಯವು ಉಳಿಯುತ್ತವೆ. ಉಳಿದವು ಇಡುವ ಮೊಟ್ಟೆ ಹಿಕ್ಕೆಯ ಜೊತೆ ಜೌಗಿಗೆ ಹೋಗಿ, ಅಲ್ಲಿನ ಬಸವನಹುಳುವಿನೊಳಗೆ ಬೆಳೆದು, ಮತ್ತೆ ಹುಲ್ಲಿಗೆ ಬರುತ್ತದೆ. ಹೀಗೆ ಇಪ್ಪತ್ತೈದು ವರ್ಷ ಗಟ್ಟಿ ಹುಳುವಿನ ಸಂತಾನವನ್ನು ನಾವೇ ಆರಿಸಿ ಬೆಳೆಸಿದ್ದೇವೆ. "ನಿಮ್ಮೊಬ್ಬರದೇ ತಪ್ಪಲ್ಲ. ಒಂದೇ ಔಷಧಿನ ವರ್ಷಕ್ಕೆರಡು ಸಲ, ಕಾಯಿಲೆ ಇಲ್ಲದ ಕುರಿಗೂ ಹಾಕಿದೀರಿ. ಅದೂ ಸೇರಿದೆ" ಎಂದರು. ನನ್ನ ಮನಸ್ಸಿಗೆ ನೋವಾಗದಿರಲಿ ಎಂದು ಹೇಳಿದ್ದು ಅದು.

ಇನ್ನೊಂದು ಔಷಧಿ ಇದೆ, ಬೇರೆ ಜಾತಿಯದು, ತರಿಸುತ್ತೇನೆ ಎಂದರು. ಆದರೆ ಇದಕ್ಕೂ ಕಾಲು ಭಾಗ ಕಡಿದರೆ ಇದೂ ಕೈಬಿಟ್ಟು ಹೋಗುತ್ತದೆ. ಅತಿಯಾದರೆ ಕುರಿಯ ಕಣ್ಣು ಹೋಗುತ್ತದೆ, ಮತ್ತೆ ಬರುವುದಿಲ್ಲ. ಬೇರೆ ಊರಲ್ಲಾದರೆ ತಕ್ಕಡಿ ಇದೆ. ಇಲ್ಲಿ ನಾನೊಬ್ಬಳೇ. "ಈ ವಿಷಯ ನಾನು ಯಾರಿಗೂ ಹೇಳಲ್ಲ. ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು" ಎಂದು ಎದ್ದು ಹೋದರು.

ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತು? ಚಲುವಯ್ಯ ಊರು ಬಿಡುತ್ತಿದ್ದ, ಹೊಸ ಔಷಧಿ ಬರುತ್ತಿತ್ತು, ನಾನು ಸದ್ದಿಲ್ಲದೆ ಸರಿಯಾದ ಗೆರೆ ಹೇಳಿಕೊಂಡು ತೂಕದಕ್ಕನಾಗಿಯೇ ಸಾಯುತ್ತಿದ್ದೆ. ಶನಿವಾರ, ಭಾನುವಾರ ನಾನು ಇದನ್ನೇ ಯೋಚಿಸಿದೆ. ದೊಡ್ಡ ಮನಸ್ಸಿನವಳ ಹಾಗೆ ನಟಿಸುವುದಿಲ್ಲ, ಬಾಯಿ ಮುಚ್ಚಿಕೊಂಡಿರುವುದೇ ಒಳ್ಳೆಯದು ಎಂದು ಭಾನುವಾರ ತೀರ್ಮಾನವನ್ನೂ ಮಾಡಿದ್ದೆ. ಸೋಮವಾರ ಬೆಳಿಗ್ಗೆ ಗೋಡೆಯಾಚೆ ಮತ್ತೆ ಕುರಿ ಎಳೆಯುವ ಸದ್ದು ಕೇಳಿತು. ಎದ್ದು ನೋಡಿದರೆ, ಮಂಚಮ್ಮ ಎಳೆದುಕೊಂಡು ಹೋಗುತ್ತಿದ್ದದ್ದು ಹುಲ್ಲಿನ ಮೂಟೆ. ನನಗೆ ಜೀವ ಬಂದಂತಾಯಿತು. ಆ ಹತ್ತೊಂಬತ್ತು ಕುರಿ ನನಗೆ ಎಷ್ಟು ಬೇಕಾಗಿವೆ ಎಂದು ಆಗ ಗೊತ್ತಾಯಿತು. ಬಾಯಿ ಮುಚ್ಚಿಕೊಂಡಿದ್ದರೆ, ನಾಳೆ ಹೆದರಿಕೆಯಾದಾಗ ಮತ್ತೆ ಕಾಲು ಭಾಗ ಕಳೆದುಬಿಡುತ್ತೇನೆ, ಹಿಡಿಯುವವರು ಯಾರೂ ಇರುವುದಿಲ್ಲ ಎಂದೂ ಗೊತ್ತಾಯಿತು.

ಸಭೆ ಚಲುವಯ್ಯನ ಅಂಗಡಿಯ ಮುಂದೆಯೇ ಸೇರಿತ್ತು. ಅವನು ಬಾಗಿಲಲ್ಲಿ ಅಡ್ಡ ನಿಂತಿದ್ದ, ಹೆಂಡತಿ ಒಳಗೆ ಸಾಮಾನು ಕಟ್ಟುತ್ತಿದ್ದಳು. ನಾನು ಯಜಮಾನರನ್ನು ಕೇಳದೆ ಮೆಟ್ಟಿಲು ಹತ್ತಿದೆ.

"ಔಷಧಿಗೆ ನೀರು ಬೆರೆಸಿದ್ದು ಚಲುವಯ್ಯ ಅಲ್ಲ" ಎಂದೆ. "ಕಮ್ಮಿ ಮಾಡಿದ್ದು ನಾನು. ಇಪ್ಪತ್ತೈದು ವರ್ಷದಿಂದ ನಿಮ್ಮ ಒಂದೊಂದು ಕುರೀಗೂ ಕಾಲು ಭಾಗ ಕಮ್ಮಿ ಹೇಳ್ತಾ ಬಂದಿವ್ನಿ. ಅದ್ರಿಂದ್ಲೇ ಹುಳ ಗಟ್ಟಿಯಾಗವೆ. ಬೇಕಾದ್ರೆ ಡಾಕ್ಟ್ರನ್ನ ಕೇಳಿ."

ಮೊದಲು ಬಾಯಿ ಬಿಟ್ಟವನು ಚಲುವಯ್ಯನೇ. "ಎರಡು ತಿಂಗ್ಳಿಂದ ನನ್ನ ಹೆಂಡ್ತಿ ನಲ್ಲಿಗೋಗಿಲ್ಲ ಕಣಮ್ಮೋ! ಮೂರು ಮೈಲಿಯಿಂದ ನಾನ್ ನೀರು ಹೊತ್ತಿವ್ನಿ! ನೀನೇ ಅಲ್ವ ಅವ್ಳಿಗೆ ಚುಚ್ಚಿದ್ದು?" ಎಂದು ಕೂಗಾಡಿದ. ಬೈಸಿಕೊಂಡೆ. ಅವನು ಬೈದದ್ದರಲ್ಲಿ ಒಂದು ಮಾತೂ ಹೆಚ್ಚಾಗಿರಲಿಲ್ಲ. ಬೇರೆಯವರೂ ಬೈದರು. ಒಬ್ಬ ಮುದುಕ ಮಾತ್ರ, "ಯಾಕವ್ವ ಹಂಗ್ ಮಾಡ್ದೆ?" ಎಂದು ಕೇಳಿದ. ಕರುವಿನ ಕಥೆ ಹೇಳಿದೆ. ಸಾಯಬಾರದು ಅಂತ ಮಾಡಿದೆ ಎಂದೆ. ಅವನು ತಲೆ ಆಡಿಸಿದ.

ಮಂಚಮ್ಮ ಬೈಯಲಿಲ್ಲ. ನನ್ನನ್ನೊಮ್ಮೆ ನೋಡಿ, ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಹೋದಳು. ಇಪ್ಪತ್ತೇಳು ಕುರಿ ಕಳೆದುಕೊಂಡವಳು. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಅವತ್ತಿನಿಂದ ಅವಳ ನನ್ನ ನಡುವೆ ಮಾತಿಲ್ಲ.

ನನ್ನನ್ನು ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ. ತೆಗೆದರೆ ಮಾಡುವವರು ಯಾರು? ಹೊಸ ಔಷಧಿ ಬಂದ ದಿನ ಡಾಕ್ಟರು ಹೊಸ ಪದ್ಧತಿ ಮಾಡಿದರು. ಎಲ್ಲ ಕುರಿಗೂ ಇಲ್ಲ, ಕಣ್ಣುರೆಪ್ಪೆ ಬಿಳಿಚಿದವಕ್ಕೆ, ಹಿಕ್ಕೆಯಲ್ಲಿ ಮೊಟ್ಟೆ ಕಂಡವಕ್ಕೆ ಮಾತ್ರ. ನಾನು ಗೆರೆ ಹೇಳಬಾರದು, ಎಲ್ಲರಿಗೂ ಕೇಳುವ ಹಾಗೆ ಕೆಜಿ ಹೇಳಬೇಕು. ಕೆಜಿಗೊಂದು ಸಣ್ಣ ಗೆರೆ ಇರುವ ಹೊಸ ಬಾಟಲಿ ನೋಡಿ ಸುರಿಯುವುದು ಚಲುವಯ್ಯ. ಕುರಿಯ ಮೂತಿ ನೆಲಕ್ಕೆ ಸಮನಾಗಿರಬೇಕು, ಎತ್ತಬಾರದು. ಜೌಗಿಗೆ ಬೇಲಿ.

ಮೊದಲು ಬಂದದ್ದು ಮಂಚಮ್ಮನ ದೊಡ್ಡಿ. ಹತ್ತೊಂಬತ್ತಕ್ಕೂ ಕಾಯಿಲೆ. ಅವಳೇ ಒಂದೊಂದರ ಮೂತಿ ಹಿಡಿದಳು. ನಾನು ತಬ್ಬಿದೆ. "ಮೂವತ್ತೊಂದು." "ಇಪ್ಪತ್ತೆಂಟೂವರೆ." ಚಲುವಯ್ಯ ಮುಖ ಗಂಟು ಹಾಕಿಕೊಂಡೇ ಸುರಿದ, ಆದರೆ ಗೆರೆಯಿಂದ ಒಂದು ಹನಿಯೂ ಆಚೆ ಈಚೆ ಆಗಲಿಲ್ಲ. ಹದಿನೆಂಟು ಕುರಿ ಹಾಗೇ ಸಾಗಿದವು.

ಕೊನೆಯದು ಗಬ್ಬದ ಕುರಿ. ದವಡೆಯ ಕೆಳಗೆ ಇಷ್ಟು ದೊಡ್ಡ ನೀರಿನ ಚೀಲ. ತಬ್ಬಿದರೆ ಒಳಗೆ ಮರಿ ನನ್ನ ಮೊಣಕೈಗೆ ಒದೆಯಿತು. ತೂಕ ನಾಲಿಗೆಗೆ ಬಂತು, ಮೂವತ್ತೇಳು. ಹೇಳಲಾಗಲಿಲ್ಲ. ಒಂದು ಕಣ್ಣು ಹೋದರೆ? ಎರಡೂ ಹೋದರೆ? ಹುಟ್ಟುವ ಮರಿಯ ಗತಿ ಏನು? ಮೂವತ್ತು ಎಂದುಬಿಡು, ಇದೊಂದಕ್ಕೆ ಮಾತ್ರ, ಎಂದು ಇಪ್ಪತ್ತೈದು ವರ್ಷದ ಅಭ್ಯಾಸ ನನ್ನ ಬಾಯಿ ಹಿಡಿದು ಎಳೆಯಿತು. ಮಂಚಮ್ಮ ಕುರಿಯ ಮೂತಿ ಬಿಡದೆ, ಆಚೆಯಿಂದ ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟೂ ಇರಲಿಲ್ಲ, ಕಾಯುತ್ತಿದ್ದಳು ಅಷ್ಟೇ.

"ಮೂವತ್ತೇಳು" ಎಂದೆ, ಊರಿಗೆಲ್ಲ ಕೇಳುವ ಹಾಗೆ.

ಆಮೇಲಿನ ಎಂಟು ದಿನ ನಾನು ನನ್ನ ಮನೆಯಲ್ಲಿ ಇರಲಿಲ್ಲ ಎಂದೇ ಹೇಳಬೇಕು. ಬೆಳಗಾದರೆ ಅವಳ ದೊಡ್ಡಿಗೆ ಹೋಗಿ, ಹತ್ತೊಂಬತ್ತು ಕುರಿಯ ಮುಂದೂ ಒಂದೊಂದು ಸೊಪ್ಪಿನ ಕಡ್ಡಿ ಆಡಿಸಿ, ಕಣ್ಣು ಆ ಕಡೆ ತಿರುಗುತ್ತದೋ ಇಲ್ಲವೋ ನೋಡುವುದು. ಮಂಚಮ್ಮ ಬೇಡ ಎನ್ನಲಿಲ್ಲ, ಬಾ ಎನ್ನಲಿಲ್ಲ. ಕಸ ಗುಡಿಸುತ್ತಾ ನಾನು ಕೂತ ಜಾಗ ಬಿಟ್ಟು ಗುಡಿಸುತ್ತಿದ್ದಳು. ಹತ್ತೊಂಬತ್ತೂ ಕಡ್ಡಿಯ ಹಿಂದೆ ಕಣ್ಣು ತಿರುಗಿಸಿದವು. ಗಬ್ಬದ ಕುರಿಯಂತೂ ಐದನೇ ದಿನ ಕಡ್ಡಿಯ ಜೊತೆ ನನ್ನ ಬೆರಳನ್ನೂ ಕಚ್ಚಿತು.

ಹದಿನೈದನೇ ದಿನ ಡಾಕ್ಟರು ಚಲುವಯ್ಯನ ಅಂಗಡಿಯ ಮೇಜಿನ ಮೇಲೆ ಯಂತ್ರ ಇಟ್ಟುಕೊಂಡು ಮಂಚಮ್ಮನ ಕುರಿಗಳ ಹಿಕ್ಕೆ ನೋಡಲು ಕೂತರು. ಒಂದು ಗಾಜು ನೋಡಿ ಪಕ್ಕಕ್ಕಿಟ್ಟರು, ಇನ್ನೊಂದು ನೋಡಿದರು. ನಾನು ಕಂಬ ಹಿಡಿದು ನಿಂತಿದ್ದೆ. ಹತ್ತೊಂಬತ್ತನ್ನೂ ನೋಡಿ ಮುಗಿಸಿ ಕಣ್ಣುಜ್ಜಿಕೊಂಡು, "ಮೊಟ್ಟೆ ಇಲ್ಲ. ಒಂದೂ ಇಲ್ಲ" ಎಂದರು. ಚಲುವಯ್ಯ ಒಳಗೆ ಹೋಗಿ ಮೂಗು ಸೀಟುವ ಸದ್ದು ಕೇಳಿತು.

ನಾನು ಮೆಟ್ಟಿಲಿಳಿದು ಮನೆಯ ದಾರಿ ಹಿಡಿದೆ. ಹಿಂದೆ ಹೆಜ್ಜೆ ಸದ್ದಾಯಿತು. ಮಂಚಮ್ಮ.

"ಅಕ್ಕ" ಎಂದಳು. ಆ ಮಾತು ಕೇಳಿ ಎಷ್ಟು ದಿನವಾಗಿತ್ತು! "ನನ್ನ ರವಿಕೆಯೆಲ್ಲ ಸಡಿಲ ಆಗೋಗವೆ. ಎಷ್ಟ್ ಇಳ್ದಿವ್ನೋ ನಂಗೇ ಗೊತ್ತಿಲ್ಲ. ಒಸಿ ತಬ್ಬಿ ಹೇಳು."

ದಾರಿ ನಡುವೆಯೇ ಅವಳನ್ನು ತಬ್ಬಿದೆ. ಬೆನ್ನಿನ ಮೂಳೆ ಒಂದೊಂದೂ ಕೈಗೆ ಸಿಕ್ಕಿತು. ತೂಕ ಆ ಕ್ಷಣವೇ ನಾಲಿಗೆಗೆ ಬಂದಿತ್ತು, ಆದರೂ ನಾನು ಬಿಡಲಿಲ್ಲ. ಅವಳೂ ಬಿಡಿಸಿಕೊಳ್ಳಲಿಲ್ಲ. ನನ್ನ ಭುಜ ಒದ್ದೆಯಾಗುತ್ತಿತ್ತು.

"ಎಷ್ಟಕ್ಕ?" ಎಂದಳು ಕೊನೆಗೆ.

"ಮೂವತ್ತೊಂಬತ್ತು."

"ಅಷ್ಟೇನಾ?"

"ಅಷ್ಟೇ ಕಣೆ. ಕಾಲು ಭಾಗ ಕಳೆದು ಹೇಳ್ತಿಲ್ಲ."

"ಗೊತ್ತು" ಎಂದಳು ಮಂಚಮ್ಮ.